ಹಿಂಡು ಗೆರೆಯ ಮೇಲೆ ನಡೆಯುವುದಿಲ್ಲ: ಅನಕ್ಟುವುಕ್ ಪಾಸ್ ಪ್ರಕರಣ

ಅಲಾಸ್ಕಾದ ಅನಕ್ಟುವುಕ್ ಪಾಸ್ ಎಂಬ ಊರಿನ ಬೇಟೆಗಾರರು ಹಿಮವಿಲ್ಲದ ತಿಂಗಳುಗಳಲ್ಲಿ ಹಿಮಸಾರಂಗದ ಜಾತಿಯ ಕಾರಿಬೂವಿನ ಮಾಂಸವನ್ನು ಮನೆಗೆ ತರಲು ಯಾವ ವಾಹನವನ್ನು, ಯಾವ ನೆಲದ ಮೇಲೆ ಓಡಿಸಬಹುದು ಎಂಬ ಪ್ರಶ್ನೆ ಇತ್ಯರ್ಥವಾಗಲು 1980ರಿಂದ 1996ರವರೆಗೆ ಹದಿನಾರು ವರ್ಷ ಹಿಡಿಯಿತು. ಕೊನೆಗೆ ಅದಕ್ಕೆ ಅಮೆರಿಕದ ಸಂಸತ್ತಿನ ಕಾಯ್ದೆಯೇ ಬೇಕಾಯಿತು. 2020ರ ಜನಗಣತಿಯಲ್ಲೂ ಐನೂರು ಜನ ತುಂಬದ ಊರಿನ ಇಂಥದೊಂದು ಪ್ರಶ್ನೆ ಅಷ್ಟು ದೂರ ಹೋದದ್ದು ಏಕೆ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಆ ಪರ್ವತಸೀಮೆಯನ್ನು ನಿರ್ಜನವೆಂದು ಎಣಿಸಿ ಬರೆದ ಕಾನೂನಿನಲ್ಲೇ ಜಗಳದ ಬೇರು ಇತ್ತು ಎಂಬುದು ನನ್ನ ತಿಳಿವಳಿಕೆ. ಅದು ಹೇಗೆಂದು ತೋರಿಸಬೇಕಾದರೆ ವಾಹನ ಬರುವುದಕ್ಕೆ ಬಹಳ ಮುಂಚಿನಿಂದ ಆರಂಭಿಸಬೇಕಾಗುತ್ತದೆ.

ಜಾಗ ಮತ್ತು ಜನ

ಅಲಾಸ್ಕಾದ ಉತ್ತರದಲ್ಲಿ ಪೂರ್ವ–ಪಶ್ಚಿಮವಾಗಿ ಹಬ್ಬಿರುವ ಬ್ರೂಕ್ಸ್ ಪರ್ವತಶ್ರೇಣಿಯ ನಡುಭಾಗದಲ್ಲಿ, ಆರ್ಕ್ಟಿಕ್ ವೃತ್ತದಿಂದ ಸಾಕಷ್ಟು ಉತ್ತರಕ್ಕೆ, ಸುಮಾರು 670 ಮೀಟರ್ ಎತ್ತರದ ಒಂದು ಅಗಲವಾದ ಕಣಿವೆದಾರಿಯಲ್ಲಿ ಈ ಊರಿದೆ. ಇಲ್ಲಿಂದ ದಕ್ಷಿಣಕ್ಕೆ ಇಳಿಯುವ ಜಾನ್ ನದಿಯ ನೀರು ಕೊಯುಕುಕ್ ಮತ್ತು ಯೂಕಾನ್ ನದಿಗಳ ಮೂಲಕ ಬೇರಿಂಗ್ ಸಮುದ್ರಕ್ಕೆ ಹೋಗುತ್ತದೆ. ಉತ್ತರಕ್ಕೆ ಹರಿಯುವ ಅನಕ್ಟುವುಕ್ ನದಿಯ ನೀರು ಕಾಲ್ವಿಲ್ ನದಿಯನ್ನು ಸೇರಿ ಆರ್ಕ್ಟಿಕ್ ಸಾಗರಕ್ಕೆ ಹೋಗುತ್ತದೆ. ಎರಡೂ ನದಿಗಳ ತಲೆಯಲ್ಲಿ ನಿಂತ ಊರಾದ್ದರಿಂದ ದೋಣಿ ನಡೆಸುವಷ್ಟು ನೀರು ಎರಡರಲ್ಲೂ ಇಲ್ಲ. ಈ ಪ್ರಕರಣದಲ್ಲಿ ಇದು ಬಹಳ ಮುಖ್ಯವಾದ ಸಂಗತಿ, ಏಕೆಂದರೆ ಅಲಾಸ್ಕಾದ ಬಹುಪಾಲು ಮೂಲನಿವಾಸಿಗಳ ಊರುಗಳು ದೊಡ್ಡ ನದಿಯ ದಡದಲ್ಲೋ ಕಡಲ ಕರೆಯಲ್ಲೋ ಇರುತ್ತವೆ, ಅಲ್ಲಿ ಬೇಸಿಗೆಯ ದಾರಿ ಎಂದರೆ ನೀರೇ. ಅನಕ್ಟುವುಕ್ ಪಾಸಿಗೆ ಸಾರ್ವಜನಿಕ ರಸ್ತೆಯೂ ಇಲ್ಲ. ಸಾಮಾನು, ಅಂಚೆ, ಇಂಧನ, ಹೊರಗಿನಿಂದ ಬರುವ ಜನ ಎಲ್ಲವೂ ವಿಮಾನದಲ್ಲಿ ಬಂದಿಳಿಯಬೇಕು.

ಊರಿನ ಹೆಸರಿಗೆ ಇನುಪಿಯಟ್ ಭಾಷೆಯಲ್ಲಿ ಕಾರಿಬೂ ಹಿಕ್ಕೆಗಳ ತಾಣ ಎಂದರ್ಥ. ಈ ಪ್ರಾಣಿ ವಸಂತದಲ್ಲಿ ಉತ್ತರದ ಬಯಲಿಗೂ ಶರತ್ಕಾಲದಲ್ಲಿ ದಕ್ಷಿಣದ ಮರಗಾಡಿಗೂ ವಲಸೆ ಹೋಗುವಾಗ ಇಂಥ ಕಣಿವೆಗಳನ್ನು ಹಾದು ಹೋಗುತ್ತದೆ. ಇಲ್ಲಿನ ನುನಮಿಯುಟ್ ಜನ ಇನುಪಿಯಟ್ ಸಮುದಾಯದ ಒಳನಾಡಿನ ಶಾಖೆ. ಕಡಲತೀರದ ಬಂಧುಗಳು ತಿಮಿಂಗಿಲ ಮತ್ತು ಸೀಲ್ ಬೇಟೆಯಿಂದ ಬದುಕಿದರೆ ಇವರ ಬದುಕು ನಿಂತದ್ದು ಕಾರಿಬೂ ಮೇಲೆ: ಮಾಂಸ ಮತ್ತು ಕೊಬ್ಬು ಊಟಕ್ಕೆ, ಬೇಸಿಗೆಯ ಕೊನೆಯ ತೆಳ್ಳನೆಯ ತೊಗಲು ಉಡುಪಿಗೆ, ಸ್ನಾಯುವಿನ ಎಳೆ ಹೊಲಿಗೆಯ ದಾರಕ್ಕೆ. ವಿಲೋ ಕಡ್ಡಿಗಳನ್ನು ಬಾಗಿಸಿ ಕಟ್ಟಿ, ಮೇಲೆ ಕಾರಿಬೂ ತೊಗಲು ಹೊದಿಸಿದ ಇಚಲಿಕ್ ಎಂಬ ಗುಮ್ಮಟದಂಥ ಡೇರೆಯೇ ಮನೆಯಾಗಿತ್ತು. ಹಿಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮನೆಯೂ ಹೋಗುತ್ತಿತ್ತು. ಕಲ್ಲುಗಳನ್ನು ಪೇರಿಸಿ ಸಾಲುಗಟ್ಟಿ ನಿಲ್ಲಿಸಿ, ಬೆದರಿದ ಹಿಂಡನ್ನು ಕೆರೆಯ ಕಡೆಗೆ ತಿರುಗಿಸಿ, ಈಜುತ್ತಿರುವ ಪ್ರಾಣಿಗಳನ್ನು ಕಯಾಕ್ ದೋಣಿಯಿಂದ ಭರ್ಜಿಯಲ್ಲಿ ತಿವಿಯುವ ಬೇಟೆಗೆ ಹತ್ತಾರು ಜನ ಒಟ್ಟಾಗಿ ದುಡಿಯಬೇಕಿತ್ತು. ಹಿಂಡಿನ ಮುಂದಾಳುಗಳಾಗಿ ಬರುವ ಮೊದಲ ಪ್ರಾಣಿಗಳನ್ನು ಕಾಡದೆ ಹೋಗಗೊಡಬೇಕು, ಆಗ ಉಳಿದವು ಅದೇ ದಾರಿ ಹಿಡಿಯುತ್ತವೆ ಎಂಬ ನಿಯಮವನ್ನು ಹಿರಿಯರು ಇಂದಿಗೂ ಹೇಳುತ್ತಾರೆ.

ಬರಿದಾಗಿ ಕಂಡ ಇಪ್ಪತ್ತು ವರ್ಷ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಿಮಿಂಗಿಲ ಬೇಟೆಯ ಹಡಗುಗಳು ಅಲಾಸ್ಕಾದ ಉತ್ತರ ಕರಾವಳಿಗೆ ಬಂದವು. ಅವುಗಳ ಜೊತೆಗೆ ದಡಾರ, ಇನ್‌ಫ್ಲುಯೆಂಜಾದಂಥ ರೋಗಗಳೂ ಬಂದವು. ಅದೇ ಕಾಲದಲ್ಲಿ ಕಾರಿಬೂ ಹಿಂಡುಗಳು ಕುಸಿದವು. ಹಸಿವು ಮತ್ತು ರೋಗ ಎರಡೂ ಒಟ್ಟಿಗೆ ಬಿದ್ದಾಗ ನುನಮಿಯುಟ್ ಕುಟುಂಬಗಳು ಒಂದೊಂದಾಗಿ ಪರ್ವತ ಬಿಟ್ಟು ಕರಾವಳಿಗೆ ಇಳಿದವು, ಅಲ್ಲಿ ನರಿಯ ತುಪ್ಪಳದ ವ್ಯಾಪಾರ ಅವರನ್ನು ಕೆಲಕಾಲ ಸಾಕಿತು. ಕೆಲವರು ದಕ್ಷಿಣಕ್ಕೆ, ವೈಸ್‌ಮನ್ ಎಂಬ ಚಿನ್ನದ ಗಣಿ ಹಳ್ಳಿಯ ಕಡೆಗೂ ಹೋದರು. 1920ರ ಹೊತ್ತಿಗೆ ಶ್ರೇಣಿಯ ನಡುಭಾಗದಲ್ಲಿ ಜನವಸತಿ ಬಹುತೇಕ ಇಲ್ಲವಾಗಿತ್ತು.

ರಾಬರ್ಟ್ ಮಾರ್ಷಲ್ ಎಂಬ ಅರಣ್ಯತಜ್ಞ ಆ ಪರ್ವತಗಳಿಗೆ ಬಂದದ್ದು 1929ರಲ್ಲಿ. ಹತ್ತು ವರ್ಷಗಳ ಅವಧಿಯಲ್ಲಿ ಅವರು ಮತ್ತೆ ಮತ್ತೆ ಬಂದು ನಕ್ಷೆ ಬರೆದರು, ಶಿಖರಗಳಿಗೂ ಹೊಳೆಗಳಿಗೂ ಹೆಸರಿಟ್ಟರು. ಕೊಯುಕುಕ್ ನದಿಯ ಉತ್ತರ ಕವಲಿನ ಎರಡು ಬದಿಗೆ ಕಂಬಗಳಂತೆ ನಿಂತ ಎರಡು ಶಿಖರಗಳನ್ನು ಅವರು ಆರ್ಕ್ಟಿಕ್ ಹೆಬ್ಬಾಗಿಲು ಎಂಬರ್ಥದಲ್ಲಿ ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ಎಂದು ಕರೆದರು. ಮುಂದೆ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಹೆಸರಾಯಿತು. 1935ರಲ್ಲಿ ವೈಲ್ಡರ್ನೆಸ್ ಸೊಸೈಟಿಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ವೈಸ್‌ಮನ್‌ನ ಬಿಳಿಯರನ್ನೂ ಇನುಪಿಯಟ್ ಜನರನ್ನೂ ಅವರು ಚೆನ್ನಾಗಿ ಬಲ್ಲವರಾಗಿದ್ದರು, ಆ ಜನರ ಮೇಲೆ ಅವರಿಗೆ ಪ್ರೀತಿಯೂ ಇತ್ತು. ಆದ್ದರಿಂದ ಅವರ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಅವರು ಪರ್ವತದೊಳಗೆ ಕಂಡ ನಿರ್ಜನತೆ ಆ ನೆಲದ ಸಹಜ ಸ್ಥಿತಿಯಾಗಿರಲಿಲ್ಲ. ರೋಗ, ಹಸಿವು ಮತ್ತು ವ್ಯಾಪಾರ ಸೇರಿ ಜನರನ್ನು ಹೊರಗೆ ಹಾಕಿದ್ದ ಸುಮಾರು ಇಪ್ಪತ್ತು ವರ್ಷಗಳ ನಡುವೆ ಅವರು ಅಲ್ಲಿಗೆ ಹೋಗಿದ್ದರು. ನರಿ ತುಪ್ಪಳದ ಬೆಲೆ ಬಿದ್ದು, ಹಿಂಡುಗಳು ಚೇತರಿಸಿಕೊಂಡ ಮೇಲೆ, 1938ರಲ್ಲಿ ಹಲವು ಕುಟುಂಬಗಳು ಕಡಲತೀರ ಬಿಟ್ಟು ಪರ್ವತಕ್ಕೆ ಮರಳಿದವು. ಅದರ ಮರುವರ್ಷ ಮಾರ್ಷಲ್ ತೀರಿಕೊಂಡರು.

1964ರ ವೈಲ್ಡರ್ನೆಸ್ ಕಾಯ್ದೆ ಇಂಥ ನೆಲಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಮನುಷ್ಯನನ್ನು ಬಂದು ಹೋಗುವ ಅತಿಥಿ ಎಂದೂ, ಅಲ್ಲಿ ಉಳಿಯದವನು ಎಂದೂ ಹೇಳಲಾಗಿದೆ. ವೈಲ್ಡರ್ನೆಸ್ ಎಂಬ ಪದವನ್ನು ಕನ್ನಡಕ್ಕೆ ತರಲು ನಾನು ಬಹಳ ತಡಕಾಡಿದೆ. ನಮ್ಮಲ್ಲಿ ಕಾಡು–ನಾಡು ಎಂಬ ಜೋಡಿ ಇದ್ದರೂ ಕಾಡೆಂದರೆ ಮನುಷ್ಯರಿಲ್ಲದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿಲ್ಲ. ಸೋಲಿಗರ ಪೋಡು, ಜೇನುಕುರುಬರ ಹಾಡಿ ಎಂಬ ಮಾತುಗಳು ಕಾಡಿನೊಳಗಿನ ಊರಿಗೆಂದೇ ಇರುವ ಹೆಸರುಗಳು. ಹಾಗಾಗಿ ಇಲ್ಲಿ ಕಾನೂನಿನ ಪದವನ್ನೇ ಉಳಿಸಿಕೊಂಡಿದ್ದೇನೆ.

ಒಂದೆಡೆ ನಿಂತ ಊರು

ಮರಳಿ ಬಂದವರು ಎರಡು ಗುಂಪುಗಳಾಗಿ, ಕಿಲಿಕ್ ನದಿಯ ಕಣಿವೆಯಲ್ಲಿಯೂ ಚಾಂಡ್ಲರ್ ಸರೋವರದ ಬಳಿಯಲ್ಲಿಯೂ ಬದುಕುತ್ತಿದ್ದರು. 1940ರ ದಶಕದಲ್ಲಿ ಸಣ್ಣ ವಿಮಾನದ ಚಾಲಕ ಸಿಗ್ ವೀನ್ ಅಲ್ಲಿಗೆ ಬಂದಿಳಿಯತೊಡಗಿದರು. ತೋಳದ ತೊಗಲು ಕೊಟ್ಟು ಮದ್ದುಗುಂಡು, ಹಿಟ್ಟು, ಚಹಾ ಪಡೆಯುವ ವ್ಯಾಪಾರ ಕುದುರಿತು. ವಿಮಾನ ಇಳಿಯಲು ಅನುಕೂಲವಾದ ಕಡೆಗೆ ಜನ ಸರಿದರು. 1949ರ ಹೊತ್ತಿಗೆ ಚಾಂಡ್ಲರ್ ಸರೋವರದ ಕುಟುಂಬಗಳು ಕಣಿವೆದಾರಿಯ ತುಲುಗಾಕ್ ಸರೋವರಕ್ಕೆ ಬಂದವು, ಕಿಲಿಕ್‌ನವರೂ ಕೂಡಿಕೊಂಡರು. ಆ ಚಳಿಗಾಲವನ್ನು ಅವರ ಜೊತೆ ಕಳೆದ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ತಾವು ಕಂಡ ಬದುಕನ್ನೂ ಕೇಳಿದ ಕಥೆಗಳನ್ನೂ ದಾಖಲಿಸಿದರು. 1951ರಲ್ಲಿ ಅಂಚೆ ಕಚೇರಿ ಬಂತು. 1950ರ ದಶಕದ ಕೊನೆಗೆ ಪ್ರಾರ್ಥನಾ ಮಂದಿರ, 1959ರಲ್ಲಿ ಪುರಸಭೆಯ ಸ್ಥಾನಮಾನ, 1960ರ ದಶಕದ ಆರಂಭದಲ್ಲಿ ಶಾಲೆ.

ಇವುಗಳಲ್ಲಿ ಶಾಲೆಯೇ ನಿರ್ಣಾಯಕ. ಅಂಚೆ ಕಚೇರಿಗೆ ತಿಂಗಳಿಗೊಮ್ಮೆ ಬಂದು ಹೋಗಬಹುದು. ಮಕ್ಕಳನ್ನು ಶಾಲೆಗೆ ಕಳಿಸುವ ಕುಟುಂಬ ಮಾತ್ರ ಡೇರೆ ಕಿತ್ತು ಹಿಂಡಿನ ಹಿಂದೆ ಹೋಗುವಂತಿಲ್ಲ. ಒಂದೇ ಕಡೆ ನೆಲೆನಿಂತ ಪರಿಣಾಮ ಮೊದಲು ಕಂಡದ್ದು ಒಲೆಯಲ್ಲಿ. ಮರ ಬೆಳೆಯದ ಆ ಎತ್ತರದಲ್ಲಿ ಉರುವಲೆಂದರೆ ವಿಲೋ ಪೊದೆ, ಅದು ಬೆಳೆಯುವುದು ಬಹಳ ನಿಧಾನ. ಅಲೆದಾಡುವ ಕಾಲದಲ್ಲಿ ಕಡಿದ ಜಾಗ ಮತ್ತೆ ಚಿಗುರುವಷ್ಟರಲ್ಲಿ ಜನ ಬೇರೆ ಕಡೆ ಇರುತ್ತಿದ್ದರು. ಈಗ ಊರ ಸುತ್ತಲ ಪೊದೆಗಳು ಮುಗಿದು, ನಾಯಿಗಳು ಎಳೆಯುವ ಸ್ಲೆಡ್ಜ್‌ಗಳಲ್ಲಿ ದೂರದಿಂದ ಕಟ್ಟಿಗೆ ತರಬೇಕಾಯಿತು. ಊರನ್ನೇ ಬೇರೆಡೆಗೆ ಸ್ಥಳಾಂತರಿಸುವ ಯೋಚನೆಯೂ ಆಗ ಬಂದಿತ್ತು. ಕೊನೆಗೆ ಎಣ್ಣೆ ಒಲೆ ಬಂದು ಊರು ಉಳಿಯಿತು. 1968ರಲ್ಲಿ ಪ್ರೂಡೋ ಕೊಲ್ಲಿಯಲ್ಲಿ ತೈಲ ಸಿಕ್ಕಿತು. 1972ರಲ್ಲಿ ನಾರ್ತ್ ಸ್ಲೋಪ್ ಬರೋ ಎಂಬ ಸ್ಥಳೀಯ ಸರ್ಕಾರ ರಚನೆಯಾಗಿ, ತೈಲಸ್ಥಾವರಗಳ ಮೇಲಿನ ತೆರಿಗೆಯ ಹಣದಿಂದ ಊರಿಗೆ ಮನೆ, ಶಾಲಾ ಕಟ್ಟಡ, ವಿದ್ಯುತ್ತು ಬಂದವು.

ಅದೇ ತೈಲದ ಅವಸರ ಇನ್ನೊಂದು ಗುರುತನ್ನೂ ಬಿಟ್ಟಿತು. 1968–69ರ ಚಳಿಗಾಲದಲ್ಲಿ ರಾಜ್ಯ ಸರ್ಕಾರ ಬುಲ್ಡೋಜರ್ ಹಚ್ಚಿ ಈ ಕಣಿವೆಯ ಮೂಲಕವೇ ಉತ್ತರಕ್ಕೆ ಲಾರಿ ದಾರಿ ತೆರೆಯಿತು. ರಾಜ್ಯಪಾಲ ವಾಲ್ಟರ್ ಹಿಕ್ಕೆಲ್ ಅವರ ಹೆಸರಿನಿಂದ ಜನ ಅದನ್ನು ಹಿಕ್ಕೆಲ್ ಹೆದ್ದಾರಿ ಎಂದರು. ಅಲ್ಲಿನ ನೆಲ ಕೆಳಗೆ ಸದಾ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಕರಗುವುದು ಮೇಲಿನ ತೆಳುಪದರ ಮಾತ್ರ, ಪಾಚಿ ಮತ್ತು ಹುಲ್ಲಿನ ಹೊದಿಕೆ ಕಂಬಳಿಯಂತೆ ಉಳಿದದ್ದನ್ನು ಕಾಪಾಡುತ್ತದೆ. ಆ ಹೊದಿಕೆಯನ್ನು ಕೆರೆದು ತೆಗೆದದ್ದರಿಂದ ಕೆಳಗಿನ ಮಂಜುಗಡ್ಡೆ ಕರಗಿ ದಾರಿ ಕಾಲುವೆಯಾಯಿತು. ಇಂದು ಡಾಲ್ಟನ್ ಹೆದ್ದಾರಿ ಎಂದು ಕರೆಯುವ ಶಾಶ್ವತ ದಾರಿ 1974ರಲ್ಲಿ ಪೂರ್ವಕ್ಕೆ, ಬೇರೊಂದು ಕಣಿವೆಯಲ್ಲಿ ನಿರ್ಮಾಣವಾಯಿತು.

ದೂರದ ನೆಲವೆಂದರೆ ಹೊರಗಿನದು ಮುಟ್ಟದ ನೆಲ ಎಂದು ನಂಬುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಸೀಸಿಯಂ–137 ಎಂಬ ವಿಕಿರಣಶೀಲ ವಸ್ತು ಜಗತ್ತಿನಾದ್ಯಂತ ಉದುರಿತು. ಬೇರಿಲ್ಲದ, ಗಾಳಿಯಿಂದಲೇ ಆಹಾರ ಹೀರುವ ಕಲ್ಲುಹೂವು ಅದನ್ನು ಹಿಡಿದಿಟ್ಟುಕೊಂಡಿತು. ಚಳಿಗಾಲದಲ್ಲಿ ಕಲ್ಲುಹೂವನ್ನೇ ಮೇಯುವ ಕಾರಿಬೂ ದೇಹದಲ್ಲಿ ಅದು ಸೇರಿತು, ಅಲ್ಲಿಂದ ಊಟದ ತಟ್ಟೆಗೆ ಬಂತು. 1960ರ ದಶಕದಲ್ಲಿ ವಿಜ್ಞಾನಿಗಳು ಉಪಕರಣ ತಂದು ಜನರ ದೇಹದಲ್ಲಿನ ಪ್ರಮಾಣ ಅಳೆದಾಗ, ಅಲಾಸ್ಕಾದಲ್ಲಿ ಅತಿ ಹೆಚ್ಚು ಕಂಡುಬಂದ ಕಡೆಗಳಲ್ಲಿ ಈ ಊರು ಮುಂದಿತ್ತು. ಅದಕ್ಕೂ ಮೊದಲು, 1955ರಿಂದ 1957ರ ನಡುವೆ, ಅಮೆರಿಕದ ವಾಯುಪಡೆಯ ಪ್ರಯೋಗಾಲಯವೊಂದು ಥೈರಾಯ್ಡ್ ಅಧ್ಯಯನಕ್ಕಾಗಿ ಇಲ್ಲಿನವರೂ ಸೇರಿ ಹಲವು ಮೂಲನಿವಾಸಿಗಳಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟಿತ್ತು. ಅವರಿಗೆ ಸರಿಯಾಗಿ ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ ಎಂದು 1996ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಹೇಳಿತು.

ಗೆರೆಗಳು

1980ರ ಡಿಸೆಂಬರ್ 2ರಂದು ಜಾರಿಗೆ ಬಂದ ಅಲಾಸ್ಕಾ ಭೂಸಂರಕ್ಷಣಾ ಕಾಯ್ದೆ ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ಉದ್ಯಾನ ಮತ್ತು ರಕ್ಷಿತ ಪ್ರದೇಶವನ್ನು ರಚಿಸಿತು. ಒಟ್ಟು ಸುಮಾರು 84 ಲಕ್ಷ ಎಕರೆ, ಅಂದರೆ ಕರ್ನಾಟಕದ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲಿ 70 ಲಕ್ಷ ಎಕರೆಗೂ ಹೆಚ್ಚು ವೈಲ್ಡರ್ನೆಸ್, ಅಂದರೆ ಸಾಮಾನ್ಯವಾಗಿ ಮೋಟಾರು ವಾಹನ ಓಡಿಸುವಂತಿಲ್ಲದ ನೆಲ. ಅನಕ್ಟುವುಕ್ ಪಾಸ್ ಈ ಗಡಿಯ ಒಳಗೇ ಬಿತ್ತು. ಅಲಾಸ್ಕಾದಲ್ಲಿ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿರುವ ಮೂಲನಿವಾಸಿಗಳ ಊರು ಇದೊಂದೇ ಎಂದು ಸಂಸತ್ತೇ ಮುಂದೆ ದಾಖಲಿಸಿತು. ಊರಿನ ಸುತ್ತಣ ಒಂದಷ್ಟು ಭೂಮಿ ಮಾತ್ರ 1971ರ ಭೂಹಕ್ಕು ಇತ್ಯರ್ಥದ ಪ್ರಕಾರ ಮೂಲನಿವಾಸಿಗಳ ಒಡೆತನದ ಎರಡು ಕಂಪನಿಗಳಾದ ಸ್ಥಳೀಯ ನುನಮಿಯುಟ್ ಕಾರ್ಪೊರೇಷನ್ ಮತ್ತು ಪ್ರಾದೇಶಿಕ ಆರ್ಕ್ಟಿಕ್ ಸ್ಲೋಪ್ ರೀಜನಲ್ ಕಾರ್ಪೊರೇಷನ್‌ಗಳ ಪಾಲಿಗಿತ್ತು.

1980ರ ಕಾಯ್ದೆ ಜನರನ್ನು ಮರೆತಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಜೀವನಾಧಾರಕ್ಕಾಗಿ ಬೇಟೆಯಾಡುವ ಹಕ್ಕನ್ನು ಅದು ಗ್ರಾಮೀಣ ನಿವಾಸಿಗಳಿಗೆ ಕೊಟ್ಟಿತು. ಸ್ನೋಮೊಬೈಲ್, ಮೋಟಾರು ದೋಣಿ ಮತ್ತು ಸ್ಥಳೀಯರು ರೂಢಿಯಿಂದ ಬಳಸುತ್ತ ಬಂದ ಇತರ ನೆಲಸಂಚಾರ ಸಾಧನಗಳಿಗೂ ಅವಕಾಶ ಕೊಟ್ಟಿತು. ತೊಡಕು ಹುಟ್ಟಿದ್ದು ‘ರೂಢಿಯಿಂದ’ ಎಂಬ ಮಾತಿನಲ್ಲಿ. 1960ರ ದಶಕದ ಕೊನೆಗೆ ಸ್ನೋಮೊಬೈಲ್ ಬಂದು ನಾಯಿಗಳು ಕಡಿಮೆಯಾಗಿದ್ದವು. ಸ್ನೋಮೊಬೈಲ್‌ಗೆ ಹಿಮ ಬೇಕು, ಕಾರಿಬೂ ಹಿಂಡು ದಕ್ಷಿಣಕ್ಕೆ ಹೊರಡುವುದು ಹಿಮ ಬೀಳುವುದಕ್ಕೆ ಮುಂಚೆ. ಮೊದಲಾದರೆ ನಾಯಿಗಳ ಬೆನ್ನಿಗೆ ಹೊರೆ ಕಟ್ಟಿ ಟಂಡ್ರಾ ದಾಟುತ್ತಿದ್ದರು, ಇಲ್ಲವೇ ಮಾಂಸವಿದ್ದ ಕಡೆಗೆ ಡೇರೆಯನ್ನೇ ಒಯ್ಯುತ್ತಿದ್ದರು. 1970ರ ದಶಕದ ನಡುವಿನಿಂದ ಆ ಜಾಗವನ್ನು ತುಂಬಿದ್ದು ಆರ್ಗೋದಂಥ, ಕಡಿಮೆ ಒತ್ತಡದ ಗಾಳಿ ತುಂಬಿದ ದಪ್ಪ ಟೈರುಗಳ, ಎಂಟು ಚಕ್ರದ ಎಟಿವಿ, ಅಂದರೆ ರಸ್ತೆಯಿಲ್ಲದ ನೆಲದ ಮೇಲೂ ಓಡುವ ಗಾಡಿ. ಉದ್ಯಾನ ಇಲಾಖೆಯ ದೃಷ್ಟಿಯಲ್ಲಿ ಅದು ಹೊಸ ಯಂತ್ರ, ರೂಢಿಯ ಸಾಧನವಲ್ಲ. ಬೇಟೆಗಾರರ ದೃಷ್ಟಿಯಲ್ಲಿ ಯಂತ್ರ ಹೊಸದಾದರೂ ಅದು ಮಾಡುವ ಕೆಲಸ ತಲೆಮಾರುಗಳಷ್ಟು ಹಳೆಯದು. ಮನೆ ಚಲಿಸುತ್ತಿದ್ದಾಗ ಸಾಗಣೆಯ ದೂರ ಕಡಿಮೆಯಿತ್ತು. ಶಾಲೆ ಮನೆಯನ್ನು ಕಟ್ಟಿಹಾಕಿದ ಮೇಲೆ ಆ ದೂರವನ್ನು ಯಾವುದಾದರೊಂದು ಗಾಡಿ ಕ್ರಮಿಸಲೇಬೇಕಿತ್ತು. ಈ ಕೊಂಡಿಯನ್ನು ಬಿಟ್ಟು ವಾಹನವನ್ನು ಮಾತ್ರ ನೋಡಿದರೆ ಪ್ರಕರಣ ಅರ್ಥವಾಗುವುದಿಲ್ಲ.

1983ರಲ್ಲಿ ಒಂದು ಭೂವಿನಿಮಯವಾಯಿತು. ಪ್ರಾದೇಶಿಕ ಕಾರ್ಪೊರೇಷನ್ ಚಾಂಡ್ಲರ್ ಸರೋವರದ ಸೀಮೆಯ ಸುಮಾರು 1,01,000 ಎಕರೆಯನ್ನು ಉದ್ಯಾನಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ದೂರದ ಕಾಕ್ಟೋವಿಕ್ ಬಳಿಯ 92,160 ಎಕರೆಯ ನೆಲದಡಿಯ ಖನಿಜ ಹಕ್ಕು ಪಡೆಯಿತು. ಅದೇ ಒಪ್ಪಂದದಲ್ಲಿ ಊರವರ ಎಟಿವಿಗಳಿಗೆಂದು ಉದ್ಯಾನದ ನೆಲದಲ್ಲಿ ಕೆಲವು ದಾರಿಗಳನ್ನು, ಬಹುಪಾಲು ಹೊಳೆದಂಡೆಗಳ ಗುಂಟ, ಗೆರೆ ಎಳೆದು ಕಾಯ್ದಿರಿಸಲಾಯಿತು. ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ಅದು ಅಚ್ಚುಕಟ್ಟಾದ ಪರಿಹಾರವಾಗಿ ಕಂಡಿರಬೇಕು. ನೆಲದ ಮೇಲೆ ಅದು ಎರಡು ಕಡೆಯಿಂದಲೂ ಸೋತಿತು. ಕಾರಿಬೂ ಆ ಗೆರೆಯ ಬಳಿಗೇ ಬರಬೇಕೆಂದಿಲ್ಲ. ಪಕ್ಕದ ಇಳಿಜಾರಿನಲ್ಲಿ ಹೊಡೆದ ಪ್ರಾಣಿಯ ಬಳಿಗೆ ವಾಹನ ಒಯ್ದರೆ ಬೇಟೆಗಾರ ಕಾನೂನು ಮುರಿದಂತೆ. ಇತ್ತ ಎಲ್ಲ ವಾಹನಗಳೂ ಒಂದೇ ಗೆರೆಯಲ್ಲಿ ಓಡಿದ್ದರಿಂದ ಹುಲ್ಲಿನ ಹೊದಿಕೆ ಸವೆದು, ಹೊಳೆದಂಡೆ ಕೆಸರಾಗಿ, ಕಾಪಾಡಬೇಕೆಂದಿದ್ದ ನೆಲವೇ ಹೆಚ್ಚು ಕೆಟ್ಟಿತು. ಹಿಕ್ಕೆಲ್ ಹೆದ್ದಾರಿ ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದ ಪಾಠವೇ ಇದು: ಅಲ್ಲಿ ಹತ್ತು ದಾರಿಯಲ್ಲಿ ಒಂದೊಂದು ಸಲ ಹೋದರೆ ಹುಲ್ಲು ಮತ್ತೆ ಏಳಬಹುದು, ಒಂದೇ ದಾರಿಯಲ್ಲಿ ಹತ್ತು ಸಲ ಹೋದರೆ ನೆಲ ಬಾಯಿಬಿಡುತ್ತದೆ.

1985ರಲ್ಲಿ ಉದ್ಯಾನ ಇಲಾಖೆ ಮತ್ತು ನುನಮಿಯುಟ್ ಕಾರ್ಪೊರೇಷನ್ ಮಾತುಕತೆಗೆ ಕುಳಿತವು. ಇಲಾಖೆ, ಪುರಸಭೆ, ಎರಡು ಕಾರ್ಪೊರೇಷನ್‌ಗಳು ಸೇರಿ 1992ರಲ್ಲಿ ಒಪ್ಪಂದಕ್ಕೆ ಬಂದವು; 1993 ಮತ್ತು 1994ರಲ್ಲಿ ಅದನ್ನು ತಿದ್ದಲಾಯಿತು. ವೈಲ್ಡರ್ನೆಸ್ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದ್ದುದರಿಂದ 1996ರ ನವೆಂಬರ್ ತಿಂಗಳಲ್ಲಿ ಕಾಯ್ದೆಯಾಗುವವರೆಗೆ ಕಾಯಬೇಕಾಯಿತು. ಅದರ ಪ್ರಕಾರ ಸುಮಾರು 74,000 ಎಕರೆಯನ್ನು ವೈಲ್ಡರ್ನೆಸ್ ಪಟ್ಟಿಯಿಂದ ತೆಗೆದು, ಬೇರೆ ಕಡೆ ಸುಮಾರು 57,000 ಎಕರೆಯನ್ನು ಸೇರಿಸಲಾಯಿತು. ತೆಗೆದ ಭಾಗ ಉದ್ಯಾನವಾಗಿಯೇ ಉಳಿಯಿತು, ಆದರೆ ಅಲ್ಲಿ ಜೀವನಾಧಾರದ ಬೇಟೆಗಾಗಿ ಗೆರೆಯ ಹಂಗಿಲ್ಲದೆ ಹರಡಿಕೊಂಡು ಎಟಿವಿ ಓಡಿಸಬಹುದು. ಊರಿನ ಕಡೆಯವರು ತಮ್ಮ ಭೂಮಿಯ ಒಂದು ಭಾಗದಲ್ಲಿ ಅಭಿವೃದ್ಧಿ ಕಾರ್ಯಗಳಿಗೆ ಮಿತಿ ಒಪ್ಪಿಕೊಂಡರು, ಚಾರಣಿಗರಿಗೆ ದಾರಿ ಬಿಟ್ಟರು.

ವೈಲ್ಡರ್ನೆಸ್ ಪಟ್ಟಿಯಿಂದ ಭೂಮಿಯನ್ನು ಹೊರತೆಗೆಯುವುದು ಸಣ್ಣ ಮಾತಲ್ಲ. ಇಲ್ಲಿ ಒಂದು ಊರಿಗೆ ಸಡಿಲಿಸಿದರೆ ನಾಳೆ ಇನ್ನೊಂದೆಡೆ ಕಂಪನಿಯೊಂದಕ್ಕೆ ಸಡಿಲಿಸಬಹುದು ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಈ ಪ್ರಕರಣದಲ್ಲಿ ಆದ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. ಅದು ಉಪಯೋಗವನ್ನು ಬೇಟೆಯ ಸ್ವರೂಪಕ್ಕೆ ಹೊಂದಿಸಿತು, ಮತ್ತು ನೆಲದ ಭೌತಿಕ ಗುಣವನ್ನು ಗೆರೆಯ ಒಪ್ಪಂದಕ್ಕಿಂತ ಚೆನ್ನಾಗಿ ಗೌರವಿಸಿತು. ಊರಿನ ಮ್ಯೂಸಿಯಂಗೆ ಸೈಮನ್ ಪನಿಯಾಕ್ ಅವರ ಹೆಸರಿದೆ. ಅಲೆದಾಟದ ಬದುಕನ್ನು ಬಾಳಿ, ಹೊರಗಿನ ಸಂಶೋಧಕರಿಗೆ ಆ ಸೀಮೆಯ ಜಾಗಗಳನ್ನೂ ಕಥೆಗಳನ್ನೂ ತಿಳಿಸಿಕೊಟ್ಟ ಅವರು ತೀರಿಕೊಂಡದ್ದು 1975ರಲ್ಲಿ, ಉದ್ಯಾನ ಬರುವುದಕ್ಕೆ ಐದು ವರ್ಷ ಮುಂಚೆ. ಅಂಥ ಹಿರಿಯರ ತಿಳಿವಳಿಕೆಯನ್ನು ಮುಂದಿಟ್ಟುಕೊಂಡು 1980ರ ಗಡಿಯನ್ನು ಎಳೆದಿದ್ದರೆ ಮುಂದಿನ ಹದಿನಾರು ವರ್ಷ ಉಳಿಯುತ್ತಿದ್ದವು ಎಂದು ಅನಿಸುತ್ತದೆ.

ಹಿಂಡಿನ ಲೆಕ್ಕ

1996ರ ಕಾಯ್ದೆ ಬಗೆಹರಿಸಿದ್ದು ಬೇಟೆಗಾರ ಎಲ್ಲಿ ಹೋಗಬಹುದು ಎಂಬುದನ್ನು. ಹಿಂಡು ಬರುತ್ತದೆಯೇ ಎಂಬುದು ಯಾವ ಕಾಯ್ದೆಯ ಹಿಡಿತದಲ್ಲೂ ಇಲ್ಲ. ಈ ಊರಿನ ಆಸರೆಯಾದ ಹಿಂಡುಗಳಲ್ಲಿ ದೊಡ್ಡದಾದ ಪಶ್ಚಿಮ ಆರ್ಕ್ಟಿಕ್ ಹಿಂಡು 1970ರ ದಶಕದಲ್ಲಿ ಸುಮಾರು 75,000ಕ್ಕೆ ಕುಸಿದಿತ್ತು, 2003ರಲ್ಲಿ 4,90,000ಕ್ಕೆ ಏರಿತು, 2023ರ ಎಣಿಕೆಯಲ್ಲಿ ಮತ್ತೆ 1,52,000ಕ್ಕೆ ಇಳಿಯಿತು. ಅದೇ ಹಿಂಡಿನ ಸಂಚಾರಸೀಮೆಯನ್ನು ದಾಟಿ, ಡಾಲ್ಟನ್ ಹೆದ್ದಾರಿಯಿಂದ ಪಶ್ಚಿಮದ ಆಂಬ್ಲರ್ ಗಣಿ ಪ್ರದೇಶದವರೆಗೆ ಸುಮಾರು 340 ಕಿಲೋಮೀಟರ್ ಉದ್ದದ ಗಣಿ ರಸ್ತೆ ಹಾಕುವ ಯೋಜನೆ ಇದೆ. 2024ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿರಾಕರಿಸಿತು; 2025ರ ಅಕ್ಟೋಬರ್‌ನಲ್ಲಿ ಹೊಸ ಅಧ್ಯಕ್ಷರ ಆಡಳಿತ ಅನುಮತಿಯ ಪರವಾಗಿ ನಿರ್ಧರಿಸಿತು. ಆ ರಸ್ತೆ ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ರಕ್ಷಿತ ಪ್ರದೇಶದ ಕೊಬುಕ್ ಭಾಗವನ್ನು ಹಾಯುತ್ತದೆ, ಹಾಯಲು ಅವಕಾಶ ಕೊಡಬೇಕೆಂಬ ಮಾತು 1980ರ ಕಾಯ್ದೆಯಲ್ಲೇ ಬರೆದಿದೆ. ಗಣಿಯ ಲಾರಿಗೆ ಮೊದಲ ದಿನವೇ ದಾರಿ ಬರೆದಿಟ್ಟ ಅದೇ ಕಾಯ್ದೆಯ ಕೆಳಗೆ, ಮಾಂಸ ಹೊತ್ತು ಮನೆಗೆ ಬರುವ ಎಂಟು ಚಕ್ರದ ಗಾಡಿಗೆ ನುನಮಿಯುಟ್ ಜನ ಹದಿನಾರು ವರ್ಷ ಕಾಯಬೇಕಾಯಿತು.